ಬೇಳೆಗೆ ಊರಿನ ಹೆಸರು: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ತೊಗರಿಯ ರಾಶಿ ಮುಗಿದು ಗಿರಣಿಗಳು ಬಿಡುವಿಲ್ಲದೆ ಓಡುತ್ತಿರುವ ಹೊತ್ತು. ಈ ಸಲ ಕಲಬುರಗಿ, ಬೀದರ್, ಯಾದಗಿರಿಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ತೊಗರಿ ಬೇಳೆಯ ಜಿಐ, ಅಂದರೆ ಒಂದು ಊರಿನ ವಿಶೇಷ ಪದಾರ್ಥಕ್ಕೆ ಆ ಊರಿನ ಹೆಸರನ್ನು ಕಾಯ್ದಿಡುವ ಭೌಗೋಳಿಕ ಸೂಚಕದ ಬಗ್ಗೆಯೇ ಇವೆ. ಒಂದೇ ತರಹದವನ್ನು ಕೂಡಿಸಿ ಉತ್ತರಿಸಿದ್ದೇವೆ.

ನಮ್ಮದು 6 ಎಕರೆ ಎರಿ (ಕಪ್ಪು ಮಣ್ಣಿನ) ಭೂಮಿ. ‘ಗುಲಬರ್ಗಾ ತೂರ್ ದಾಲ್’ಗೆ ಜಿಐ ಸಿಕ್ಕಾಗಿದೆ. ನಮ್ಮ ಹೊಲದ ತೊಗರಿಯನ್ನೇ ಬೇಳೆ ಮಾಡಿಸಿ ಪೊಟ್ಟಣದ ಮೇಲೆ ಆ ಹೆಸರು ಹಾಕಿದರೆ ತಪ್ಪೇನು? ಮತ್ತೆ ಅನುಮತಿ ಯಾಕೆ ಬೇಕು?
— ರೈತರು, ಆಳಂದ ತಾಲ್ಲೂಕು

ಜಿಐ ನೋಂದಣಿ ಪುಸ್ತಕದಲ್ಲಿ ಎರಡು ಭಾಗಗಳಿವೆ. ‘ಎ’ ಭಾಗದಲ್ಲಿ ಪದಾರ್ಥದ ಹೆಸರು, ‘ಬಿ’ ಭಾಗದಲ್ಲಿ ಆ ಹೆಸರನ್ನು ಬಳಸಲು ಹಕ್ಕು ಪಡೆದವರ ಹೆಸರು. 2019ರಲ್ಲಿ ನಮ್ಮ ಬೇಳೆ ‘ಎ’ ಭಾಗಕ್ಕೆ ಸೇರಿತು. ನೀವು ‘ಬಿ’ ಭಾಗಕ್ಕೆ ಸೇರಬೇಕು. ಅಲ್ಲಿ ಹೆಸರು ಬಂದವರನ್ನು ಕಾನೂನು ‘ಅಧಿಕೃತ ಬಳಕೆದಾರ’ ಅನ್ನುತ್ತದೆ. ಪೊಟ್ಟಣದ ಮೇಲೆ ನೋಂದಾಯಿತ ಹೆಸರು ಹಾಕುವ ಹಕ್ಕು ಅವರದು. ನಕಲಿ ಮಾಲಿನವರ ಮೇಲೆ ದಾವೆ ಹೂಡುವ ಹಕ್ಕೂ ಅವರಿಗೆ ಮತ್ತು ಜಿಐ ಪಡೆದ ಮೂಲ ಸಂಸ್ಥೆಗೆ ಮಾತ್ರ.

ಕೆಲಸ ದೊಡ್ಡದಲ್ಲ. ನಮೂನೆ ಜಿಐ-3 ತುಂಬಿ ಚೆನ್ನೈನ ಜಿಐ ನೋಂದಣಿ ಕಚೇರಿಗೆ ಕಳಿಸಬೇಕು. ಮೊದಲು 500 ರೂಪಾಯಿ ಇದ್ದ ಶುಲ್ಕವನ್ನು 2020ರ ನಿಯಮ ತಿದ್ದುಪಡಿ 10 ರೂಪಾಯಿಗೆ ಇಳಿಸಿತು. ಶುಲ್ಕಕ್ಕಿಂತ ಅಂಚೆ ಖರ್ಚೇ ಹೆಚ್ಚು. ಜೊತೆಗೆ ಬೇಕಾದ್ದು: ನೀವೇ ಬೆಳೆಯುವವರು ಅನ್ನುವ ವಿವರಣೆ, ಅದಕ್ಕೆ ಆಧಾರವಾಗಿ ಅಫಿಡವಿಟ್, ಬೆಳೆ ಕಾಲಂನಲ್ಲಿ ತೊಗರಿ ನಮೂದಾದ ಪಹಣಿ, ಗುರುತಿನ ಚೀಟಿ, ಮೂಲ ಸಂಸ್ಥೆಯ ಒಪ್ಪಿಗೆ ಪತ್ರ. ಒಪ್ಪಿಗೆ ಪತ್ರ ಸಿಗದಿದ್ದರೂ ಅರ್ಜಿ ಹಾಕಬಹುದು. ಆಗ ಅರ್ಜಿಯ ಪ್ರತಿಯೊಂದನ್ನು ಆ ಸಂಸ್ಥೆಗೆ ಕಳಿಸಿ, ಮುಟ್ಟಿದ್ದಕ್ಕೆ ಪುರಾವೆ ಇಟ್ಟುಕೊಂಡು ಚೆನ್ನೈಗೆ ತಿಳಿಸಬೇಕು.

ಅರ್ಜಿ ಜಿಐ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಆಕ್ಷೇಪಣೆಗೆ 3 ತಿಂಗಳು, ಕೇಳಿದರೆ ಇನ್ನೊಂದು ತಿಂಗಳು. ಹಾಗಾಗಿ ರಾಶಿ ಮಾಡಿದ ಮೇಲೆ ಅರ್ಜಿ ಹಾಕಿದರೆ ಆ ವರ್ಷದ ಮಾಲಿಗೆ ಹೆಸರು ಸಿಗುವುದಿಲ್ಲ. ಬಿತ್ತನೆ ಹೊತ್ತಿಗೇ ಹಾಕಿ.

ಇಲ್ಲಿ ಬಹಳ ಮಂದಿ ಎಡವುವುದು ಪಹಣಿಯಲ್ಲಿ. ಹೊಲದಲ್ಲಿ ತೊಗರಿ, ಪಹಣಿಯಲ್ಲಿ ಹಳೆಯ ವರ್ಷದ ಜೋಳವೋ ಹತ್ತಿಯೋ ಕೂತಿರುತ್ತದೆ. ಬೆಳೆ ಸಮೀಕ್ಷೆಯಲ್ಲಿ ಅದನ್ನು ಸರಿಪಡಿಸಿಕೊಂಡ ಮೇಲೆಯೇ ಅರ್ಜಿಗೆ ಕೈ ಹಾಕಿ. ಇನ್ನೊಂದು ಮಾತು: ಜಿಲ್ಲೆಯ ಹೆಸರು 2014ರ ನವೆಂಬರ್ 1ರಂದು ಕಲಬುರಗಿ ಆಯಿತು, ಆದರೆ ನೋಂದಣಿ ಆಗಿರುವುದು ‘ಗುಲಬರ್ಗಾ’ ಎಂದೇ. ಲೇಬಲ್ ಮೇಲೆ ನೋಂದಾಯಿತ ಹೆಸರು ಇದ್ದಂತೆಯೇ ಇರಲಿ, ಕಲಬುರಗಿ ವಿಳಾಸದಲ್ಲಿ ಬರಲಿ.

ಬಳಕೆದಾರರ ನೋಂದಣಿಗೆ 10 ವರ್ಷ ಆಯುಷ್ಯ. ಆದರೆ ಮೂಲ ಜಿಐ ಅದಕ್ಕೂ ಮೊದಲೇ ನವೀಕರಣಕ್ಕೆ ಬಂದರೆ ನಿಮ್ಮದೂ ಅಂದಿಗೇ ಮುಗಿಯುತ್ತದೆ. ಮೂಲ ಜಿಐನ 10 ವರ್ಷ ಎಣಿಸುವುದು ಪ್ರಮಾಣಪತ್ರ ಕೊಟ್ಟ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹಾಕಿದವರು ಈ ದಿನಾಂಕವನ್ನು ಒಮ್ಮೆ ನೋಡಿಕೊಳ್ಳಿ.

ಜಿಐ ಬಂದರೂ ಗಂಜಿನಲ್ಲಿ (ಮಾರುಕಟ್ಟೆಯಲ್ಲಿ) ನಮ್ಮ ತೊಗರಿಗೆ ಬೇರೆಯವರಷ್ಟೇ ರೇಟು. ಹಾಗಾದರೆ ಇದರಿಂದ ಲಾಭ ಯಾರಿಗೆ?
— ಜೇವರ್ಗಿ

ಗಂಜಿನಲ್ಲಿ ಖರೀದಿದಾರ ನೋಡುವುದು ತೇವ, ಕಾಳಿನ ಗಾತ್ರ, ಬಣ್ಣ, ಕಸಕಡ್ಡಿ. ಮೂಲ ನೋಡುವುದಿಲ್ಲ, ನೋಡುವ ದಾರಿಯೂ ಅವನಿಗಿಲ್ಲ. ನಿಮ್ಮ ಚೀಲ ಅಡತ್ (ದಲ್ಲಾಳಿ) ಅಂಗಡಿಯಲ್ಲಿ ಸುರಿದು ಪಕ್ಕದವರ ರಾಶಿಗೆ ಸೇರಿದ ಗಳಿಗೆಯಲ್ಲಿ ಅದರ ಊರು ಹೋಯಿತು. ಆಮೇಲೆ ಯಾವ ಮುದ್ರೆ ಒತ್ತಿದರೂ ಅದು ವಾಪಸ್ ಬಾರದು. ಜಿಐ ಬೆಲೆ ಸಿಗುವುದು ಚೀಲದ ಗುರುತು ಗ್ರಾಹಕನ ಕೈ ಸೇರುವವರೆಗೆ ಉಳಿದರೆ ಮಾತ್ರ. ಆ ಗುರುತು ಉಳಿಸುವುದು ಒಂದು ವಹಿ.

ವಹಿಯಲ್ಲಿ ಪ್ರತಿ ಲಾಟಿಗೂ ಇಷ್ಟು ಬರೆಯಿರಿ: ಸರ್ವೆ ನಂಬರ್, ತಳಿ (ಟಿಎಸ್-3ಆರ್, ಜಿಆರ್‌ಜಿ-811, ಮಾರುತಿ, ಏನಿದೆಯೋ ಅದು), ರಾಶಿ ಮಾಡಿದ ದಿನ, ಚೀಲಗಳ ಸಂಖ್ಯೆ, ತೂಕ, ಗಿರಣಿಗೆ ಹೋದ ದಿನ, ಬಂದ ಬೇಳೆ, ನುಚ್ಚು, ಹೊಟ್ಟು, ಚುನ್ನಿ (ಸಿಪ್ಪೆ, ಹಿಟ್ಟು ಬೆರೆತ ಪುಡಿ) ಬೇರೆ ಬೇರೆಯಾಗಿ. ಪೊಟ್ಟಣದ ಮೇಲಿನ ಬ್ಯಾಚ್ ನಂಬರ್ ಈ ವಹಿಯ ಸಾಲಿಗೆ ಕೂಡಬೇಕು.

ಯಾರಾದರೂ ತಪಾಸಣೆಗೆ ಬಂದರೆ ಮೊದಲು ನೋಡುವುದು ಕೂಡಿ ಕಳೆಯುವ ಲೆಕ್ಕವನ್ನು. ಕ್ವಿಂಟಲ್ ತೊಗರಿಗೆ ಒಳ್ಳೆಯ ಗಿರಣಿ 75ರಿಂದ 80 ಕಿಲೋ ಬೇಳೆ ಕೊಡುತ್ತದೆ. 40 ಕ್ವಿಂಟಲ್ ತೊಗರಿ ಒಳಗೆ ಹೋಗಿ 38 ಕ್ವಿಂಟಲ್ ‘ಜಿಐ ಬೇಳೆ’ ಹೊರಬಂದಿದ್ದರೆ, ಉಳಿದದ್ದು ಎಲ್ಲಿಂದ ಬಂತು ಎಂದು ಕೇಳಲು ದೊಡ್ಡ ಅಧಿಕಾರಿಯೇ ಬೇಕಾಗಿಲ್ಲ.

ಒಬ್ಬೊಬ್ಬರೇ ಇದನ್ನು ಮಾಡುವುದು ಕಷ್ಟ. ಹತ್ತು ಕ್ವಿಂಟಲ್ ಮಾಲಿಗೆ ಗಿರಣಿಯವನು ಯಂತ್ರ ಖಾಲಿ ಮಾಡಿ ಕೊಡುವುದಿಲ್ಲ. ರೈತ ಉತ್ಪಾದಕ ಕಂಪನಿಯ ಮೂಲಕ ಒಂದು ದಿನದ ಪೂರ್ತಿ ಗಿರಣಿ ಹಿಡಿದರೆ ದಾರಿ ಸುಗಮ. ಆಗಲೂ ಹಾಪರ್, ಎಲಿವೇಟರ್ ಬಕೆಟ್, ಪೈಪಿನ ತಿರುವುಗಳಲ್ಲಿ ಹಿಂದಿನವರ ಕಾಳು ಉಳಿದಿರುತ್ತದೆ. ಯಂತ್ರ ಖಾಲಿ ಓಡಿಸಿ, ಗುಡಿಸಿ, ನಿಮ್ಮ ಮೊದಲ ಚೀಲದ ಬೇಳೆಯನ್ನು ಬೇರೆ ತೆಗೆದು ಸಾದಾ ಮಾಲಾಗಿ ಮಾರಿ.

ನಮ್ಮ ಮಹಿಳಾ ಸಂಘದಲ್ಲಿ ಸಣ್ಣ ಬೇಳೆ ಗಿರಣಿ ಇದೆ. ಕ್ವಿಂಟಲಿಗೆ 65 ಕಿಲೋ ದಾಟುತ್ತಿಲ್ಲ. ಬೇಳೆಯ ಮೇಲೆ ಸಿಪ್ಪೆ ತೇಪೆ ತೇಪೆಯಾಗಿ ಉಳಿಯುತ್ತದೆ. ಬಿಗಿ ಮಾಡಿದರೆ ನುಚ್ಚು ಹೆಚ್ಚುತ್ತದೆ. ಯಂತ್ರ ಕೆಟ್ಟಿದೆಯೇ?
— ಚಿತ್ತಾಪುರ ತಾಲ್ಲೂಕು

ಯಂತ್ರಕ್ಕಿಂತ ಮೊದಲು ಕಾಳಿನ ಹದ ನೋಡಿ. ಕಡಲೆಯ ಸಿಪ್ಪೆ ಸುಲಭವಾಗಿ ಬಿಡುತ್ತದೆ. ತೊಗರಿಯಲ್ಲಿ ಸಿಪ್ಪೆಗೂ ಬೇಳೆಗೂ ನಡುವೆ ಅಂಟಿನ ಪದರವಿದೆ. ಅದನ್ನು ಸಡಿಲಿಸದೆ ರೋಲರ್‌ಗೆ ಕೊಟ್ಟರೆ ಸಿಪ್ಪೆಯ ಜೊತೆ ಬೇಳೆಯ ಮೈಯೂ ಕಿತ್ತು ಬರುತ್ತದೆ. ನಿಮ್ಮ 65 ಕಿಲೋದ ಕಾರಣ ಬಹುಪಾಲು ಇಲ್ಲಿಯೇ ಇದೆ. ಕಾಳಿನ ತೂಕದಲ್ಲಿ ಸಿಪ್ಪೆಯ ಪಾಲು ನೂರಕ್ಕೆ 12ರಿಂದ 15. ಅದಕ್ಕಿಂತ ಹೆಚ್ಚು ಹೋದದ್ದೆಲ್ಲ ಬೇಳೆಯೇ.

ಒಣ ಪದ್ಧತಿಯಲ್ಲಿ ಕೆಲಸದ ಸಾಲು ಹೀಗಿರಲಿ. ಮೊದಲು ಜರಡಿ. ಕಡಿಮೆಯೆಂದರೆ ಎರಡು ಗಾತ್ರಕ್ಕೆ ಬೇರ್ಪಡಿಸಿ. ದಪ್ಪ ಕಾಳು, ಸಣ್ಣ ಕಾಳು ಕೂಡಿ ಹೋದರೆ ದಪ್ಪದ್ದು ಒಡೆಯುತ್ತದೆ, ಸಣ್ಣದ್ದು ಸಿಪ್ಪೆಯೊಂದಿಗೇ ಹೊರಬರುತ್ತದೆ. ನೀವು ಹೇಳಿದ ಎರಡೂ ತೊಂದರೆ ಒಟ್ಟಿಗೇ ಕಾಣಿಸುವುದು ಹೀಗೆಯೇ. ತಳಿ ಬೆರೆತ ತೊಗರಿಯಲ್ಲಂತೂ ಇದು ತಪ್ಪಿದ್ದಲ್ಲ.

ಆಮೇಲೆ ಎಮರಿ ರೋಲರ್‌ನಲ್ಲಿ (ಒರಟು ಕಲ್ಲುಪುಡಿ ಮೆತ್ತಿದ ಉರುಳೆ) ಸಡಿಲ ಅಂತರ ಇಟ್ಟು ಒಂದು ಸುತ್ತು. ಇಲ್ಲಿ ಸಿಪ್ಪೆ ತೆಗೆಯುವುದಲ್ಲ, ಗೀರು ಹಾಕುವುದಷ್ಟೇ. ಒಂದು ಹಿಡಿ ಕಾಳು ಬಿಳಿ ಬಟ್ಟೆಯ ಮೇಲೆ ಹರಡಿ ನೋಡಿ: ಕಾಳುಗಳ ಮೇಲೆ ತೆಳು ಬಿಳಿ ಗೆರೆ ಕಾಣಬೇಕು, ಬೇಳೆಯ ಹಳದಿ ಕಾಣಬಾರದು. ಕ್ವಿಂಟಲಿಗೆ 200ರಿಂದ 500 ಗ್ರಾಂ ಅಡುಗೆ ಎಣ್ಣೆ ಸವರಿ ರಾಶಿ ಹಾಕಿ ರಾತ್ರಿಯಿಡೀ ಬಿಡಿ. ಎಣ್ಣೆ ಆ ಗೀರುಗಳಿಂದ ಇಳಿದು ಅಂಟನ್ನು ಸಡಿಲಿಸುತ್ತದೆ. ಗೀರು ಹಾಕದೆ ಎಣ್ಣೆ ಸವರಿದರೆ ಅದು ಮೇಲೆಯೇ ನಿಂತು ಕಾಳು ಜಾರುತ್ತದೆ, ರೋಲರ್‌ಗೆ ಹಿಡಿತ ಸಿಗುವುದಿಲ್ಲ.

ಮುಂದೆ 2–3 ದಿನ ಬಿಸಿಲು. ತೆಳುವಾಗಿ ಹರಡಿ, ಗಂಟೆಗೊಮ್ಮೆ ಕೈಯಾಡಿಸಿ, ಸಂಜೆ ಬಿಸಿ ಇರುವಾಗಲೇ ಗುಡ್ಡೆ ಮಾಡಿ ತಾಡಪಾಲು ಮುಚ್ಚಿ. ರಾತ್ರಿ ಹರಡಿಯೇ ಬಿಟ್ಟರೆ ಮಂಜಿನ ತೇವ ಹೀರಿ ಹಗಲಿನ ಕೆಲಸವೆಲ್ಲ ದಂಡ. ಕೊನೆಗೆ ಕ್ವಿಂಟಲಿಗೆ 2–3 ಲೀಟರ್ ನೀರು ಚಿಮುಕಿಸಿ, ಮತ್ತೆ ರಾತ್ರಿ ಮುಚ್ಚಿಟ್ಟು, ಮರುದಿನ ಒಣಗಿಸಿ ರೋಲರ್‌ಗೆ ಕೊಡಿ. ಈ ತೇವ ಸಿಪ್ಪೆಯನ್ನು ಹಿಗ್ಗಿಸುತ್ತದೆ, ಬಿಸಿಲು ಬೇಳೆಯನ್ನು ಕುಗ್ಗಿಸುತ್ತದೆ, ನಡುವೆ ಸಂದು ಬೀಳುತ್ತದೆ. ಗಿರಣಿಗೆ ಹಾಕುವಾಗ ಕಾಳಿನ ತೇವ ನೂರಕ್ಕೆ 9–10 ಇರಲಿ. ಮಾಪಕ ಇಲ್ಲದಿದ್ದರೆ ಹಲ್ಲಿನಲ್ಲಿ ಕಚ್ಚಿ ನೋಡಿ. ಟಕ್ಕೆಂದು ಎರಡಾದರೆ ಹದ, ಮೆತ್ತಗೆ ಚಪ್ಪಟೆಯಾದರೆ ಇನ್ನೊಂದು ಬಿಸಿಲು ಬೇಕು.

ಒಂದೇ ಸುತ್ತಿನಲ್ಲಿ ಎಲ್ಲ ಸಿಪ್ಪೆ ತೆಗೆಯುವ ಆಸೆ ಬೇಡ. ಮೊದಲ ಸುತ್ತಿಗೆ ಅರ್ಧದಷ್ಟು ಕಾಳು ಸಿಪ್ಪೆ ಬಿಟ್ಟರೆ ಸಾಕು. ಬಿಟ್ಟದ್ದನ್ನು ಜರಡಿಯಲ್ಲಿ ತೆಗೆದು, ಉಳಿದದ್ದಕ್ಕೆ ಮತ್ತೆ ನೀರು, ಬಿಸಿಲು, ರೋಲರ್. ಮೂರು ನಾಲ್ಕು ಸುತ್ತು ಸಾಮಾನ್ಯ. ನಿಮ್ಮಲ್ಲಿ ನುಚ್ಚು ಹೆಚ್ಚುತ್ತಿರುವುದು ಮೂರು ಸುತ್ತಿನ ಕೆಲಸವನ್ನು ಒಂದೇ ಬಿಗಿ ಸುತ್ತಿನಲ್ಲಿ ಮುಗಿಸಲು ಹೊರಟಿದ್ದರಿಂದ.

ಯಂತ್ರದ ಕೆಳಗೆ ಬೀಳುವ ಪುಡಿಯೇ ನಿಮಗೆ ವರದಿ ಕೊಡುತ್ತದೆ. ಕಂದು ಚಕ್ಕೆ ಹೆಚ್ಚಿದ್ದರೆ ಸಿಪ್ಪೆ ಹೋಗುತ್ತಿದೆ, ಸರಿ. ಹಳದಿ ಹಿಟ್ಟು ಹೆಚ್ಚಿದ್ದರೆ ಬೇಳೆ ಸವೆಯುತ್ತಿದೆ, ಕೂಡಲೇ ಅಂತರ ಸಡಿಲಿಸಿ. ಪುಡಿ ಮುಟ್ಟಿದಾಗ ಬಿಸಿಯಾಗಿದ್ದರೆ ಎಮರಿ ಸವೆದು ನುಣುಪಾಗಿದೆ, ಕೊರೆಯುವ ಬದಲು ಉಜ್ಜುತ್ತಿದೆ. ಆಗ ಮಾತ್ರ ಮಿಸ್ತ್ರಿಯನ್ನು ಕರೆಯಿರಿ.

ಇಷ್ಟು ಸರಿ ಮಾಡಿದರೆ 70 ದಾಟುವುದು ಕಷ್ಟವಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ರೂಪಿಸಿದ ಬಿಸಿಗಾಳಿ ಪದ್ಧತಿಯಲ್ಲಿ 80ರ ಆಸುಪಾಸು ಬರುತ್ತದೆ, ಬಿಸಿಲನ್ನೂ ಕಾಯಬೇಕಿಲ್ಲ. ಆದರೆ ಡ್ರೈಯರ್ ಖರ್ಚು ಹುಟ್ಟಲು ವರ್ಷವಿಡೀ ಮಾಲು ಬೇಕು. ನಾಲ್ಕು ತಿಂಗಳು ಓಡುವ ಸಂಘದ ಗಿರಣಿಗೆ ಅದನ್ನು ನಾವು ಹೇಳುವುದಿಲ್ಲ.

ಅದೇ ಸಂಘದಿಂದ ಇನ್ನೊಂದು: ಹಿರಿಯರು ಕೆಮ್ಮಣ್ಣು ಹಚ್ಚಿ ಮಾಡುತ್ತಿದ್ದ ಬೇಳೆ ರುಚಿ ಅನ್ನುತ್ತಾರೆ. ಅದನ್ನು ‘ಸಾಂಪ್ರದಾಯಿಕ’ ಎಂದು ಮಾರಬಹುದೇ?

ಮಾರಬಹುದು. ತೊಗರಿಯನ್ನು 6–8 ತಾಸು ನೆನೆಸಿ, ನೀರು ಬಸಿದು, ಕ್ವಿಂಟಲಿಗೆ ಸುಮಾರು 5 ಕಿಲೋ ಜರಡಿ ಹಿಡಿದ ಕೆಮ್ಮಣ್ಣಿನ ರಾಡಿ ಸವರಿ, ರಾತ್ರಿ ಗುಡ್ಡೆ ಹಾಕಿ, 2–4 ದಿನ ಒಣಗಿಸಿ, ಮಣ್ಣು ಜರಡಿಯಲ್ಲಿ ತೆಗೆದು ಬೀಸುತ್ತಾರೆ. ಈ ಬೇಳೆಯ ನಡುವೆ ಸಣ್ಣ ತಗ್ಗು ಇರುತ್ತದೆ, ಅದೇ ಅದರ ಗುರುತು. ರುಚಿ ಹೌದು, ಆದರೆ ಬೇಯಲು ಒಣ ಪದ್ಧತಿಯ ಬೇಳೆಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಪೊಟ್ಟಣದ ಮೇಲೆ ಇದನ್ನು ಬರೆಯದಿದ್ದರೆ ಬೆಂಗಳೂರಿನ ಗ್ರಾಹಕ ಮೂರು ಸೀಟಿಗೆ ಕುಕ್ಕರ್ ಇಳಿಸಿ ‘ಹಳೇ ಬೇಳೆ ಕೊಟ್ಟಿದ್ದಾರೆ’ ಎಂದು ದೂರುತ್ತಾನೆ. ಮಣ್ಣು ಹೊಲದ ಮೇಲ್ಪದರದ್ದಾಗಬಾರದು. ಗೊಬ್ಬರ, ಔಷಧಿಯ ಅಂಶ ಇರುತ್ತದೆ.

ನಾನು ವ್ಯಾಪಾರಿ. ಅಧಿಕೃತ ಬಳಕೆದಾರರಿಂದ ಬೇಳೆ ಕೊಂಡು ನನ್ನ ಪೊಟ್ಟಣದಲ್ಲಿ ತುಂಬಿದರೆ ಹೆಸರು ಹಾಕಬಹುದೇ? ಲಾತೂರು, ಸೋಲಾಪುರ ಕಡೆಯ ತೊಗರಿಯೂ ಇದೇ ಎರಿ ಮಣ್ಣಿನದಲ್ಲವೇ?
— ಕಲಬುರಗಿ

ಮೊದಲನೆಯದಕ್ಕೆ: ನ್ಯಾಯವಾಗಿ ಕೊಂಡ ಜಿಐ ಮಾಲನ್ನು ಮತ್ತೆ ಪ್ಯಾಕ್ ಮಾಡಿ ಮಾರುವುದು ಉಲ್ಲಂಘನೆಯಲ್ಲ, ಮಾಲಿನ ಗುಣ ಕೆಡದಿದ್ದರೆ ಸಾಕು. ಕೊಂಡ ಬಿಲ್ಲು, ಬ್ಯಾಚ್ ನಂಬರ್ ಜೋಪಾನವಾಗಿಡಿ. ಇನ್ನೂ ನೇರ ದಾರಿಯಿದೆ. ಕಾನೂನಿನ ಪ್ರಕಾರ ಕೃಷಿ ಪದಾರ್ಥದ ‘ಉತ್ಪಾದಕ’ ಅಂದರೆ ಬೆಳೆಯುವವನಷ್ಟೇ ಅಲ್ಲ, ಸಂಸ್ಕರಿಸುವವನೂ ಪ್ಯಾಕ್ ಮಾಡುವವನೂ ಹೌದು. ನೀವೇ ಜಿಐ-3 ಹಾಕಿ.

ಎರಡನೆಯದಕ್ಕೆ: ಮಣ್ಣು ಒಂದೇ ತರಹ ಇರಬಹುದು, ಆದರೆ ಜಿಐ ನಿಲ್ಲುವುದು ಅರ್ಜಿಯೊಂದಿಗೆ ಸಲ್ಲಿಸಿದ ನಕ್ಷೆಯ ಗೆರೆಯಲ್ಲಿ. ಗೆರೆಯಾಚೆಯ ತೊಗರಿ ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಈ ಹೆಸರಿಲ್ಲ. ಮೊಜಾಂಬಿಕ್, ಮ್ಯಾನ್ಮಾರ್ ಮಾಲಂತೂ ದೂರದ ಮಾತು. ಅವನ್ನು ಕಲಬುರಗಿಯ ಗಿರಣಿಯಲ್ಲಿ ಒಡೆದರೆ ಗಿರಣಿಯ ವಿಳಾಸ ಹಾಕಬಹುದು, ಬೇಳೆಯ ಹೆಸರಾಗಿ ಊರನ್ನು ಹಾಕುವಂತಿಲ್ಲ. ಬೆರಕೆ ಮಾಲಿಗೆ ಈ ಹೆಸರು ಅಂಟಿಸಿದ್ದು ಸಾಬೀತಾದರೆ 6 ತಿಂಗಳಿಂದ 3 ವರ್ಷ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಆದರೆ ಮುಟ್ಟುಗೋಲಿಗೆ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯೇ ಬರಬೇಕು, ಅವರೂ ಮೊದಲು ಜಿಐ ರಿಜಿಸ್ಟ್ರಾರ್ ಅಭಿಪ್ರಾಯ ಪಡೆಯಬೇಕು. ಇಷ್ಟು ಬಿಗಿಯಾದ ವಿಧಾನದಲ್ಲಿ ಸಣ್ಣ ಕಳ್ಳರು ನುಸುಳಿಕೊಳ್ಳುತ್ತಾರೆ ಅನ್ನುವುದು ನಮ್ಮ ಅಭಿಪ್ರಾಯ.

ಅಂಗಡಿಯಲ್ಲಿ ಅಸಲಿ ಕಲಬುರಗಿ ಬೇಳೆಯನ್ನು ಕಣ್ಣಲ್ಲೇ ಗುರುತಿಸುವುದು ಹೇಗೆ?
— ಬೀದರ್

ಕಣ್ಣಲ್ಲಿ ಊರು ಗುರುತಿಸಲಾಗದು. ಹಾಗೆ ಹೇಳುವವರನ್ನು ನಂಬಬೇಡಿ. ಪೊಟ್ಟಣದ ಮೇಲೆ ಬ್ಯಾಚ್ ನಂಬರ್, ಪ್ಯಾಕ್ ಮಾಡಿದವರ ಪೂರ್ಣ ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಸಂಖ್ಯೆ ಇದೆಯೇ ನೋಡಿ, ಅನುಮಾನ ಬಂದರೆ ಆ ವಿಳಾಸಕ್ಕೆ ಬ್ಯಾಚ್ ಹೇಳಿ ಕೇಳಿ. ಕಣ್ಣಿಗೆ ಕಾಣುವುದು ಬೇರೆ ಕೆಲವು ದೋಷಗಳು. ಗಾಜಿನಂತೆ ಹೊಳೆಯುವ ಬೇಳೆಗೆ ಎಣ್ಣೆಯದೋ ನೀರಿನದೋ ಪಾಲಿಶ್ ಆಗಿದೆ. ಪಾಲಿಶ್ ಇಲ್ಲದ ಬೇಳೆ ಮಂಕಾಗಿ, ಸ್ವಲ್ಪ ಪುಡಿ ಮೆತ್ತಿದಂತೆ ಇರುತ್ತದೆ. ದುಂಡನೆಯ ತೊಗರಿ ಬೇಳೆಯ ನಡುವೆ ಒಂದು ಕಡೆ ಇಳಿಜಾರಾದ, ಚೌಕಾಕಾರದ ತುಂಡು ಸಿಕ್ಕರೆ ಅದು ಕೇಸರಿ ಬೇಳೆ. ದಿನವೂ ತಿಂದರೆ ಕಾಲು ಸೋಲುವ ಕಾಯಿಲೆ ಬರುತ್ತದೆ, ಅಂಗಡಿಗೆ ವಾಪಸ್ ಕೊಡಿ. ಬಣ್ಣದ ಅನುಮಾನವಿದ್ದರೆ ಬಿಸಿನೀರಿನಲ್ಲಿ ಒಂದು ಚಮಚ ಬೇಳೆ ಅಲುಗಿಸಿ, ಆ ನೀರಿಗೆ ತೆಳು ಹೈಡ್ರೋಕ್ಲೋರಿಕ್ ಆಮ್ಲದ ನಾಲ್ಕು ಹನಿ ಹಾಕಿ. ಗುಲಾಬಿ ಬಣ್ಣ ಬಂದರೆ ಮೆಟಾನಿಲ್ ಯೆಲ್ಲೋ ಎಂಬ, ಆಹಾರಕ್ಕೆ ಸಲ್ಲದ ಹಳದಿ ಬಣ್ಣ ಬೆರೆತಿದೆ. ಆಮ್ಲ ಮಕ್ಕಳ ಕೈಗೆ ಸಿಗದಿರಲಿ.

ನಮ್ಮ ಸಂಘ ಖಡಕ್ ಜೋಳದ ರೊಟ್ಟಿ ಮಾಡುತ್ತದೆ. ಅದಕ್ಕೂ ಜಿಐ ಪಡೆಯೋಣವೇ?
— ಶಹಾಪುರ, ಯಾದಗಿರಿ ಜಿಲ್ಲೆ

ಸದ್ಯಕ್ಕೆ ಬೇಡ ಅನ್ನುತ್ತೇವೆ. ಧಾರವಾಡ ಪೇಡೆಗೆ ಸಿಕ್ಕಿದೆ, ಹಾಗಾಗಿ ತಿಂಡಿಗೆ ಜಿಐ ಇಲ್ಲವೆಂದಲ್ಲ. ಆದರೆ ಅರ್ಜಿಗೆ ಶುಲ್ಕದ ಜೊತೆ ನಕ್ಷೆ, ಇತಿಹಾಸದ ದಾಖಲೆ, ಗುಣಮಟ್ಟ ತಪಾಸಣೆಯ ವ್ಯವಸ್ಥೆ, ಮುಖ್ಯವಾಗಿ ಈ ರೊಟ್ಟಿಯ ಗುಣ ಈ ಊರಿನಿಂದಲೇ ಬಂದದ್ದು ಅನ್ನುವ ಆಧಾರ ಬೇಕು. ವಿಜಯಪುರದಲ್ಲೂ ಬಾಗಲಕೋಟೆಯಲ್ಲೂ ಅದೇ ರೊಟ್ಟಿ ಬಡಿಯುವಾಗ ಶಹಾಪುರಕ್ಕೆ ಮಾತ್ರ ಹೆಸರು ಕೇಳುವುದು ಕಷ್ಟ. ಮಹಾರಾಷ್ಟ್ರದ ಮಂಗಳವೇಢೆಯವರು ರೊಟ್ಟಿ ಬಿಟ್ಟು ಜೋಳಕ್ಕೇ ಜಿಐ ಪಡೆದರು. ಜಾಣ ನಡೆ, ನೆಲದ ಗುಣ ಜೋಳದಲ್ಲಿ ತೋರಿಸಬಹುದು.

ನಿಮಗೆ ಈಗ ಬೇಕಾದ್ದು ಟ್ರೇಡ್‌ಮಾರ್ಕ್. ಸಣ್ಣ ಉದ್ಯಮಕ್ಕೆ ಆನ್‌ಲೈನ್ ಶುಲ್ಕ 4,500 ರೂಪಾಯಿ. ‘ಶಹಾಪುರ ರೊಟ್ಟಿ’ ಎಂದಷ್ಟೇ ಕೇಳಬೇಡಿ, ಬರೀ ಊರಿನ ಹೆಸರು ತಿರಸ್ಕಾರವಾಗುತ್ತದೆ. ಸ್ವಂತದ್ದೊಂದು ಹೆಸರು, ಚಿತ್ರ ಸೇರಿಸಿ. ಹಲವು ಸಂಘಗಳು ಕೂಡಿದರೆ ‘ಸಾಮೂಹಿಕ ಗುರುತು’ ಎಂಬ ನೋಂದಣಿಯೂ ಇದೆ.

ಅದಕ್ಕೂ ಮೊದಲು ರೊಟ್ಟಿಯ ಬೂಷ್ಟು ನಿಲ್ಲಿಸಿ. ಪತ್ರದ ಕೊನೆಯಲ್ಲಿ ಅದನ್ನು ಬರೆದಿದ್ದೀರಿ. ಬಿಸಿ ಇರುವಾಗ ಒಂದರ ಮೇಲೊಂದು ಪೇರಿಸಿದ್ದೇ ಕಾರಣ. ಹಂಚಿನಿಂದ ಇಳಿದ ರೊಟ್ಟಿಯನ್ನು ಒಲೆಯ ಸುತ್ತ ಓರೆಯಾಗಿ ನಿಲ್ಲಿಸಿ ಒಣಗಿಸಿ, ನಡುಭಾಗ ಮುರಿದು ನೋಡಿ. ಅಂಚು ಖಡಕ್ ಆಗಿದ್ದು ನಡು ಬಾಗಿದರೆ ಇನ್ನೂ ತೇವವಿದೆ. ಪೂರ್ತಿ ತಣ್ಣಗಾದ ಮೇಲೆ ಪ್ಯಾಕ್ ಮಾಡಿ.

ಕಮಲಾಪುರದಿಂದ ಕೆಂಪು ಬಾಳೆಯ ಕಂದು ತಂದು ಹುಮನಾಬಾದಿನಲ್ಲಿ ಹಚ್ಚಿದ್ದೇನೆ. ‘ಕಮಲಾಪುರ ಕೆಂಪು ಬಾಳೆ’ ಎಂದು ಮಾರಬಹುದೇ?

ಇಲ್ಲ. ಜಿಐ ಹೆಸರು ನೆಲಕ್ಕೆ ಕಟ್ಟಿದ್ದು, ಕಂದು ತಂದರೂ ಹೆಸರು ಬರುವುದಿಲ್ಲ. ‘ಕೆಂಪು ಬಾಳೆ’ ಎಂದು ಮಾರಿ, ಯಾರೂ ತಕರಾರು ಮಾಡುವುದಿಲ್ಲ.

ಮನೆಗೆಂದು ಇಟ್ಟ ತೊಗರಿಗೆ ಮೂರೇ ತಿಂಗಳಲ್ಲಿ ನುಸಿ ಬೀಳುತ್ತದೆ. ಬೇಳೆಗೆ ಅಷ್ಟಾಗಿ ಬೀಳುವುದಿಲ್ಲ. ಯಾಕೆ?
— ಸೇಡಂ

ಆ ಹುಳು ಮೊಟ್ಟೆ ಇಡುವುದು ಇಡೀ ಕಾಳಿನ ಸಿಪ್ಪೆಯ ಮೇಲೆ. ಬಿಳಿ ಚುಕ್ಕೆಯಂತೆ ಕಾಣುತ್ತದೆ, ಮರಿ ಒಳಗೇ ಕೊರೆಯುತ್ತದೆ. ಒಡೆದ ಬೇಳೆ ಅದಕ್ಕೆ ಒಗ್ಗದು. ಮೊಟ್ಟೆ ಹೊಲದಲ್ಲೇ ಕಾಯಿಯ ಮೇಲೆ ಬಿದ್ದಿರುವುದೂ ಉಂಟು, ಹಾಗಾಗಿ ಡಬ್ಬಿ ಎಷ್ಟು ತೊಳೆದರೂ ಸಾಲದು. ವರ್ಷದ ಬೇಳೆಯನ್ನು ಬೇಸಿಗೆಯಲ್ಲೇ ಮಾಡಿಸಿಬಿಡಿ. ಇಡೀ ಕಾಳು ಇಡಲೇಬೇಕಾದರೆ ಚೆನ್ನಾಗಿ ಒಣಗಿಸಿ, ಕಿಲೋಗೆ 5–7 ಮಿಲಿ ಅಡುಗೆ ಎಣ್ಣೆ ಸವರಿ, ಗಾಳಿಯಾಡದ ಡಬ್ಬಿಯಲ್ಲಿ ಬಾಯಿವರೆಗೆ ತುಂಬಿ.

ಅಧಿಕೃತ ಬಳಕೆದಾರರಾಗಿದ್ದ ತಂದೆ ತೀರಿಕೊಂಡರು. ಆ ನೋಂದಣಿ ನನಗೆ ಬರುತ್ತದೆಯೇ? ಗಿರಣಿಯವರು ಅದನ್ನು ಬಾಡಿಗೆಗೆ ಕೇಳುತ್ತಿದ್ದಾರೆ.
— ಅಫಜಲಪುರ

ವಾರಸುದಾರರಿಗೆ ಬರುತ್ತದೆ. ಬಾಡಿಗೆ, ಮಾರಾಟ, ಅಡವು, ಪರವಾನಗಿ ಯಾವುದಕ್ಕೂ ಕಾನೂನು ಒಪ್ಪುವುದಿಲ್ಲ. ಗಿರಣಿಯವರು ಕೊಡುವ ಕರಾರು ಪತ್ರಕ್ಕೆ ಸಹಿ ಹಾಕಬೇಡಿ. ಹೊಲದ ಪೌತಿ ಖಾತೆ ಮೊದಲು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಆ ಪಹಣಿ ಮತ್ತು ಮರಣ ಪ್ರಮಾಣಪತ್ರದೊಂದಿಗೆ ಚೆನ್ನೈಗೆ ಬರೆಯಿರಿ.